‘ರನ್’ಗೆ ಎಷ್ಟು ಅರ್ಥ?

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ‘ಪಿಯುಸಿ ಓದುವ ಮಗನ ಗೈಡ್‌ನಲ್ಲಿ “ರನ್” ಎಂಬ ಒಂದೇ ಕ್ರಿಯಾಪದಕ್ಕೆ ನಲವತ್ತು ಅರ್ಥ ಕೊಟ್ಟಿದ್ದಾರೆ. ಅಷ್ಟನ್ನೂ ಬಾಯಿಪಾಠ ಮಾಡಬೇಕೆ? ಅದರ ಬದಲು ನಾಲ್ಕು ದೊಡ್ಡ ಪದ ಕಲಿತರೆ ಆಗದೆ?’

ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ನಲವತ್ತಕ್ಕೇ ಸುಸ್ತಾದರೆ ಹೇಗೆ ಸ್ವಾಮಿ? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಪದವನ್ನು ಪರಿಷ್ಕರಿಸಿದಾಗ ಕ್ರಿಯಾಪದಕ್ಕೇ 645 ಅರ್ಥ ಸಿಕ್ಕವು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಇದೊಂದೇ ಪದ ಹಿಡಿದು ಒಂಬತ್ತು ತಿಂಗಳು ಕೂತರು. ಅದಕ್ಕೂ ಮುಂಚಿನ 1989ರ ಆವೃತ್ತಿಯಲ್ಲಿ ಅರ್ಥಗಳ ಲೆಕ್ಕದಲ್ಲಿ ‘ಸೆಟ್’ ಎಂಬ ಪದ ಮುಂದಿತ್ತು. ರೈಲು, ಎಂಜಿನ್, ಈಗ ಕಂಪ್ಯೂಟರ್ ಪ್ರೋಗ್ರಾಂ, ಹೀಗೆ ಯಂತ್ರಗಳು ಬಂದಂತೆಲ್ಲ ‘ರನ್’ ಬೆಳೆಯಿತು.

ಇಷ್ಟನ್ನೂ ಪಟ್ಟಿ ಮಾಡಿ ಕಲಿತ ಇಂಗ್ಲಿಷರು ಯಾರೂ ಇಲ್ಲ. ಕೇಳಿ ಕೇಳಿ ಬಂದದ್ದು. ಮೂಗು ಸೋರಿದರೂ ರನ್, ಒಗೆದ ಬಟ್ಟೆ ಬಣ್ಣ ಬಿಟ್ಟರೂ ರನ್, ಅಂಗಡಿ ನಡೆಸಿದರೂ ರನ್. ಮುಂದೆ ‘ಔಟ್ ಆಫ್’ ಸೇರಿ ‘ಶುಗರ್’ ಬಂತೋ, ಮನೆಯಲ್ಲಿ ಸಕ್ಕರೆ ಖಾಲಿ. ‘ಇನ್‌ಟು’ ಸೇರಿ ಗೆಳೆಯನ ಹೆಸರು ಬಂತೋ, ಅವನು ದಾರೀಲಿ ಅಚಾನಕ್ಕಾಗಿ ಸಿಕ್ಕ. ಅಕ್ಕಪಕ್ಕದ ಪದ ಬಿಟ್ಟು ಬರೀ ‘ರನ್’ ನೋಡಿದರೆ ಏನೂ ಹತ್ತುವುದಿಲ್ಲ.

ನಿಮ್ಮ ಮಗ ಜಾಣ, ಇದರಲ್ಲಿ ಎಷ್ಟೋ ಅವನಿಗೆ ಆಗಲೇ ಗೊತ್ತು. ನಮ್ಮ ಸಿನಿಮಾನೂ ನೂರು ದಿನ ಓಡುತ್ತದೆ, ಗಡಿಯಾರಾನೂ ಓಡುತ್ತದೆ, ಅಲ್ವಾ? ದಾರಿ ಬೇರೆಯಾಗುವ ಕಡೆ ಇನ್ನೂ ಚೆಂದ. ಚುನಾವಣೆಗೆ ಅಮೆರಿಕದವರು ‘ರನ್’ ಅನ್ನುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಅನ್ನುತ್ತಾರೆ. ನಾವೂ ಚುನಾವಣೆಗೆ ನಿಲ್ಲುವವರೇ.

ದೊಡ್ಡ ಪದದ ಆಸೆ ಮಾತ್ರ ಬಿಡಿ. ನಮ್ಮ ಕಚೇರಿಗೆ ಬರುವ ಕೆಲಸದ ಅರ್ಜಿಗಳಲ್ಲಿ ದಪ್ಪ ದಪ್ಪ ಪದಗಳಿಗೆ ಬರ ಇಲ್ಲ. ‘ಗೆಟ್’, ‘ಟೇಕ್’, ‘ಪುಟ್’ ಬಂದಲ್ಲೇ ಎಡವುತ್ತಾರೆ. ಓದಿದ, ಬುದ್ಧಿವಂತ ಮಕ್ಕಳು. ನೋಡಿದರೆ ಹೊಟ್ಟೆ ಉರಿಯುತ್ತದೆ. ಹನ್ನೆರಡು ವರ್ಷ ಇಂಗ್ಲಿಷ್ ಕಲಿಸುತ್ತೇವೆ, ಒಂದು ಕಥೆಪುಸ್ತಕ ಪೂರ್ತಿ ಓದಿಸುವುದಿಲ್ಲ. ಪಟ್ಟಿ ಮಾರುವುದು ಸುಲಭ, ಅದಕ್ಕೇ ಗೈಡ್‌ಗಳ ರಾಶಿ.

ಮಗನನ್ನು ಊರಿನ ಲೈಬ್ರರಿಗೆ ಕಳಿಸಿ. ಇಂಗ್ಲಿಷ್ ಪೇಪರ್ ಓದುವಾಗ ‘ರನ್’ ಕಂಡಲ್ಲೆಲ್ಲ ಇಡೀ ವಾಕ್ಯ ಬರೆದುಕೊಳ್ಳಲಿ, ಆಮೇಲೆ ನಿಘಂಟು ತೆರೆಯಲಿ. ಎಷ್ಟೋ ಕಡೆ ದೊಡ್ಡ ನಿಘಂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ನಿಮ್ಮೂರಲ್ಲೂ ಹಾಗಿದ್ದರೆ ನೀವೇ ಜೊತೆಗೆ ಹೋಗಿ ಬೀಗದ ಕೈ ಕೇಳಿ. ‘ನಾಳೆ ಬನ್ನಿ’ ಅಂದರೆ ನಾಳೆಯೂ ಹೋಗಿ.