ಬೀಟೆ ಮರದಲ್ಲಿ ತಂಬಾಕಿನ ಪೈಪ್ ಮಾಡಬಹುದೇ?

ಅಜ್ಜನ ಮನೆ ಕೆಡವಿದಾಗ ಸಿಕ್ಕ ಬೀಟೆ ತುಂಡಿದೆ, ಪೈಪಿಗೆ ಸಾಮಾನ್ಯವಾಗಿ ಬಳಸುವ ಬ್ರೈಯರ್ ಮರ ಸಿಗುತ್ತಿಲ್ಲ, ಬೀಟೆಯಲ್ಲೇ ಪೈಪ್ ಕಡೆಯಬಹುದಾ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಬೇಡ.

ಮರ ಗಟ್ಟಿಯಿದ್ದರೆ ಸಾಕು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಪೈಪಿನ ಬಟ್ಟಲು ಬೆಂಕಿಯ ಜೊತೆ ಬಾಳಬೇಕು. ಬೀಟೆ ಕಡೆಯುವಾಗ ಏಳುವ ಪುಡಿಯೇ ಎಷ್ಟೋ ಜನರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ಅಂಥದ್ದನ್ನು ಕಾಯಿಸಿ ಹೊಗೆ ಎಳೆಯುವುದು ಯಾಕೆ? ಕಣಗಿಲೆಯನ್ನಂತೂ ಮುಟ್ಟಲೇಬೇಡಿ, ಇಡೀ ಗಿಡವೇ ವಿಷ.

ಬ್ರೈಯರ್ ಅಂದರೆ ಕಾಂಡವಲ್ಲ. ಮೆಡಿಟರೇನಿಯನ್ ಸುತ್ತಲಿನ ಹೀತ್ ಜಾತಿಯ ಪೊದೆಯ ಬುಡದಲ್ಲಿ ಕಟ್ಟುವ ಗಂಟು ಅದು. ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಆ ಕಡೆಯ ಸರಕು ನಿಂತಾಗ ಅಮೆರಿಕದವರಿಗೂ ನಿಮ್ಮದೇ ತಾಪತ್ರಯ. ಅವರು ತಮ್ಮಲ್ಲೇ ಬೆಳೆಯುವ ಮೌಂಟನ್ ಲಾರೆಲ್, ಕ್ಯಾಲಿಫೋರ್ನಿಯಾದ ಮಾಂಜನೀಟ ಗಿಡಗಳನ್ನು ಹಿಡಿದರು. ಅಲ್ಲೂ ಅಗೆದು ತೆಗೆದದ್ದು ಬುಡದ ಗಂಟನ್ನೇ, ನೋಡಿ.

ಕಾಂಡದ ಮರವೇ ಆಗಬೇಕೆಂದರೆ ಚೆರಿ, ಪೇರ್ ಹಣ್ಣಿನ ಮರ ಪರವಾಗಿಲ್ಲ. ನಾನಿರುವುದು ಜರ್ಮನಿಯಲ್ಲಿ. ಪಕ್ಕದ ಮನೆಯವರು ಚೆರಿ ಮರ ಕಡಿಸಿದಾಗ ಒಂದು ಕೊಂಬೆ ಕೇಳಿ ತಂದೆ. ತಡೆಯಲಾರದೆ ನಾಲ್ಕೇ ತಿಂಗಳಿಗೆ ಲೇತಿಗೆ ಏರಿಸಿದೆ. ಮೂರನೇ ಸಲ ಸೇದುವಾಗ ಟಕ್ ಅಂತ ಸದ್ದು, ಬಟ್ಟಲಿನ ಬಾಯಿಂದ ತಳದವರೆಗೆ ಬಿರುಕು! ಉಳಿದ ತುಂಡನ್ನು ಎರಡು ವರ್ಷ ನೆರಳಲ್ಲಿಟ್ಟು, ಗೋಡೆ ದಪ್ಪ ಬಿಟ್ಟು ಕಡೆದೆ. ಅದು ಇನ್ನೂ ಚೆನ್ನಾಗಿದೆ. ಮೊದಮೊದಲು ಸ್ವಲ್ಪವೇ ತುಂಬಿ ನಿಧಾನವಾಗಿ ಸೇದಬೇಕು. ಆಗ ಒಳಗೆ ಮಸಿಯ ಪದರ ಕಟ್ಟುತ್ತದೆ, ಮರವನ್ನು ಕಾಯುವುದು ಅದೇ. ಒಳಗೆ ವಾರ್ನಿಶ್ ಬಳಿಯಬೇಡಿ. ಚನ್ನಪಟ್ಟಣದ ಗೊಂಬೆಯಂತೆ ಮಿಂಚಲಿ ಅಂತ ಅರಗು ಹಚ್ಚಲೂ ಹೋಗಬೇಡಿ, ಬಿಸಿಗೆ ಕರಗುತ್ತದೆ. (ಮರ ಯಾವುದಾದರೂ ತಂಬಾಕು ತಂಬಾಕೇ ಅಲ್ವಾ? ನಾನೀಗ ಸೇದುವುದಕ್ಕಿಂತ ಕಡೆಯುವುದೇ ಜಾಸ್ತಿ.)

ಮರವೇ ಬೇಕೆಂಬ ಹಟ ಇಲ್ಲದಿದ್ದರೆ ಇನ್ನೂ ಸುಲಭ. ಅಮೆರಿಕದ ಮಿಸೌರಿಯಲ್ಲಿ ವಾಷಿಂಗ್ಟನ್ ಅಂತ ಒಂದು ಊರಿದೆ. ಅಲ್ಲಿ 1869ರಿಂದ ಮೆಕ್ಕೆಜೋಳದ ಬೆಂಡಿನಲ್ಲಿ ಪೈಪ್ ಮಾಡುತ್ತಿದ್ದಾರೆ. ಕಾಳು ಬಿಡಿಸಿ ಒಣಗಿಸಿದ ಬೆಂಡು, ಹೊರಗಿನ ಗುಳಿಗಳಿಗೆ ಪ್ಲಾಸ್ಟರ್, ಅಷ್ಟೇ. ಸುಟ್ಟುಹೋದರೆ ಎಸೆದು ಇನ್ನೊಂದು ತಗೊಂಡರಾಯಿತು.

ಅಜ್ಜನ ಬೀಟೆಯಲ್ಲಿ ಪೈಪ್ ಇಡುವ ಸ್ಟ್ಯಾಂಡ್ ಮಾಡಿ. ಕಡೆಯುವಾಗ ಮಾಸ್ಕ್ ಮರೆಯಬೇಡಿ.