ಕಳೆಯನ್ನೇ ಬೆಳೆಯಾಗಿಸುವ ಮುನ್ನ

ಓದುಗರ ಪತ್ರ: ನಿಮ್ಮ ಪತ್ರಿಕೆಯಲ್ಲಿ ಬಂದ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆಗಿಡದ ಕುರಿತ ಬರಹವನ್ನು ಓದಿ, ಬೀಜ ತರಿಸಿ, ಬೆರಳಿನ ಒಂದು ಗಿಣ್ಣಿನಷ್ಟು ಆಳಕ್ಕೆ ಊರಿದೆ. ಐದು ವಾರವಾದರೂ ಒಂದೆರಡು ಮೊಳಕೆಯ ಹೊರತು ಏನೂ ಬರಲಿಲ್ಲ. ಎಲ್ಲೆಂದರಲ್ಲಿ ಹಬ್ಬುವ ಕಳೆ ನನ್ನ ಮಡಿಯಲ್ಲೇಕೆ ಬೆಳೆಯದು? ಇದರ ಹಾಲಿನಿಂದ ರಬ್ಬರ್ ತೆಗೆಯುತ್ತಾರೆಂಬುದೂ ಬೇರು ಯಕೃತ್ತಿನ ಕಾಯಿಲೆಗೆ ರಾಮಬಾಣವೆಂಬುದೂ ನಿಜವೇ?

ಸಂಪಾದಕರ ಉತ್ತರ:

ಮಾನ್ಯರೇ,

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಬೀಜವನ್ನು ಎಷ್ಟು ಆಳಕ್ಕೆ ಹಾಕಬೇಕೆಂಬುದನ್ನು ಆ ಬರಹದಲ್ಲಿ ಹೇಳದೆಯೇ ಬಿಟ್ಟಿದ್ದೆವು. ಗಾಳಿಯಲ್ಲಿ ತೇಲಿಬಂದು ಬಿದ್ದಲ್ಲೇ ಬೇರುಬಿಡುವ ಈ ಗಿಡದ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಬೆಳಕು ತಾಗಬೇಕು. ಆದ್ದರಿಂದ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮೇಲ್ಮಣ್ಣು ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಸಾಕು; ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ವಾತಾವರಣ ತಂಪಾಗಿರುವಾಗ ಬಿತ್ತುವುದು ಲೇಸು.

ಬಂದಿರುವ ಒಂದೆರಡು ಗಿಡಗಳಾದರೂ ಡ್ಯಾಂಡೆಲಿಯನ್ನೇ ಎಂಬುದನ್ನು ಖಾತ್ರಿಪಡಿಸಿಕೊಳ್ಳಿ, ಏಕೆಂದರೆ ಸೇವಂತಿಗೆಯ ಕುಟುಂಬದಲ್ಲಿ ಇದನ್ನೇ ಹೋಲುವ ಹಳದಿ ಹೂವಿನ ಗಿಡಗಳು ಬಹಳ. ಇದರ ಎಲೆಗಳೆಲ್ಲ ನೆಲಕ್ಕೆ ಒರಗಿ ಚಕ್ರದಂತೆ ಹರಡಿರುತ್ತವೆ. ನಡುವಿನಿಂದೇಳುವ ಹೂದಂಟಿಗೆ ಎಲೆಯಿಲ್ಲ, ಕವಲಿಲ್ಲ, ಒಳಗೆ ಟೊಳ್ಳು, ಮುರಿದರೆ ಬಿಳಿಯ ಹಾಲು, ತುದಿಯಲ್ಲಿ ಒಂದೇ ಹೂ. ದಂಟು ಕವಲೊಡೆದಿದ್ದರೆ ಅದು ಬೇರೆ ಗಿಡ.

ಹೂವೆಂದೆನಾದರೂ ಅದು ನೂರಕ್ಕೂ ಮಿಕ್ಕ ಕಿರುಹೂಗಳ ಗುಂಪು. ಒಂದನ್ನು ಉಗುರಿನಿಂದ ಕಿತ್ತು ನೋಡಿದರೆ, ಎಸಳೆಂದುಕೊಂಡ ಹಳದಿ ಪಟ್ಟಿಯ ತುದಿಯಲ್ಲಿ ಐದು ಸಣ್ಣ ಹಲ್ಲುಗಳು, ಬುಡದಲ್ಲಿ ಮುಂದೆ ಬೀಜವಾಗುವ ಪುಟ್ಟ ಅಂಡಾಶಯ ಕಾಣುತ್ತವೆ. ಬಹುಪಾಲು ಡ್ಯಾಂಡೆಲಿಯನ್‌ಗಳಲ್ಲಿ ಈ ಬೀಜ ಪರಾಗಸ್ಪರ್ಶವಿಲ್ಲದೆಯೇ ಕಟ್ಟುತ್ತದೆ, ಮತ್ತು ಮರಿ ತಾಯಿಯ ಪಡಿಯಚ್ಚೇ ಆಗಿರುತ್ತದೆ. ಬೆಳೆಗಾರನಿಗೆ ಇದೊಂದು ಅನುಕೂಲ: ಅಗಲ ಎಲೆಯ, ಕಹಿ ಕಡಿಮೆಯಿರುವ ಒಂದು ಗಿಡ ಕಂಡರೆ ಅದರ ಬೀಜವನ್ನೇ ಇಟ್ಟುಕೊಂಡರಾಯಿತು, ತಳಿ ಕೆಡುವ ಭಯವಿಲ್ಲ. ಬೀಜಕ್ಕೆ ಬೇಕಾದ ಗಿಡಗಳ ಹೊರತು ಉಳಿದವುಗಳ ಹೂಗಳನ್ನು ಬೀಜದ ಕುಚ್ಚು ಬಿಚ್ಚಿ ಗಾಳಿಗೆ ಹಾರುವ ಮೊದಲೇ ಚಿವುಟದಿದ್ದರೆ ಅಕ್ಕಪಕ್ಕದವರೊಡನೆ ಮನಸ್ತಾಪ ಖಂಡಿತ.

ನೀವು ಮೊದಲು ತೀರ್ಮಾನಿಸಬೇಕಾದುದು ಬೆಳೆ ಎಲೆಗೋ ಬೇರಿಗೋ ಎಂಬುದನ್ನು. ಒಂದೇ ಮಡಿಯಿಂದ ಎರಡನ್ನೂ ನಿರೀಕ್ಷಿಸಿದರೆ ಎರಡೂ ಬಡವಾಗುತ್ತವೆ. ಎಲೆಗಾದರೆ ಹೂ ಬರುವ ಮುನ್ನ ಎಳೆಯದನ್ನು ಕೊಯ್ಯಬೇಕು. ಕೊಯ್ಲಿಗೆ ಹತ್ತು ಹದಿನೈದು ದಿನ ಮೊದಲು ಗಿಡದ ಮೇಲೆ ಬೆಳಕು ನುಸುಳದಂತೆ ಕುಂಡವೊಂದನ್ನು ಬೋರಲು ಹಾಕಿದರೆ, ಹಸಿರು ಮಾಸಿ ಎಲೆ ಬೆಳ್ಳಗಾಗುವುದಲ್ಲದೆ ಕಹಿಯೂ ಇಳಿಯುತ್ತದೆ. ಬೇರಿಗಾದರೆ ಕಲ್ಲಿಲ್ಲದ, ಆಳವಾಗಿ ಅಗೆದ ಸಡಿಲ ಮಣ್ಣು ಬೇಕು, ಎಲೆ ಕೊಯ್ಯುವ ಆಸೆಯನ್ನು ಬಿಡಬೇಕು, ಎರಡನೆಯ ವರ್ಷದ ಶರತ್ಕಾಲದವರೆಗೆ ಕಾಯಬೇಕು. ಚಳಿಗಾಲಕ್ಕೆಂದು ಗಿಡ ಕೂಡಿಡುವ ಇನುಲಿನ್ ಎಂಬ ಪಿಷ್ಟದಂಥ ವಸ್ತು ಆಗ ಬೇರಿನಲ್ಲಿ ತುಂಬಿರುತ್ತದೆ. ಒಣಗಿಸಿ ಹುರಿದು ಕಾಫಿಯ ಬದಲಿಗೆ ಬಳಸುವುದು ಇಂಥ ಬೇರನ್ನೇ. ಕೈಯಿಂದ ಜಗ್ಗಿದರೆ ತಾಯಿಬೇರು ನಡುವೆಯೇ ತುಂಡಾಗಿ, ನೆಲದಲ್ಲುಳಿದ ತುಂಡು ಮತ್ತೆ ಚಿಗುರುತ್ತದೆ. ಹಾರೆಯಿಂದ ಬದಿಯ ಮಣ್ಣನ್ನು ಸಡಿಲಿಸಿ ಪೂರ್ತಿ ಎತ್ತಿ.

ರಬ್ಬರಿನ ಮಾತು ನಿಜ, ಆದರೆ ಗಿಡ ಇದಲ್ಲ. ಅದು ಕಝಾಕಸ್ತಾನದ ಕೋಕ್-ಸಘಿಜ್ ಎಂಬ ದಾಯಾದಿ. 1930ರ ದಶಕದಲ್ಲಿ ಸೋವಿಯತ್ ಒಕ್ಕೂಟ ಅದನ್ನು ಹೊಲಗಳಲ್ಲಿ ಬೆಳೆಯಲು ತೊಡಗಿತ್ತು.

ರಾಮಬಾಣವೆಂಬುದನ್ನು ನಾವು ಒಪ್ಪುವುದಿಲ್ಲ. ಎಲೆಗೆ ಮೂತ್ರ ಹೆಚ್ಚಿಸುವ ಗುಣವಿದೆಯೆಂಬ ನಂಬಿಕೆ ಹಳೆಯದು. ಫ್ರೆಂಚರು ಗಿಡಕ್ಕಿಟ್ಟ ಹೆಸರೇ ಹಾಸಿಗೆ ಒದ್ದೆಯಾಗುವುದನ್ನು ಸೂಚಿಸುತ್ತದೆ. ಆದರೆ ಯಕೃತ್ತಿನ ಕಾಯಿಲೆಗೆ ಚಿಕಿತ್ಸೆ ಬಿಟ್ಟು ಇದನ್ನು ನಂಬುವುದು ಅಪಾಯ. ಪಿತ್ತಕೋಶದಲ್ಲಿ ಕಲ್ಲಿರುವವರು, ಮೂತ್ರವರ್ಧಕ ಗುಳಿಗೆ ನುಂಗುವವರು, ಸೇವಂತಿಗೆ ಜಾತಿಯ ಹೂಗಳು ಒಗ್ಗದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹೊಸ ಬೀಜ ತರಿಸುವ ಮೊದಲು ಈಗಿನ ಮಡಿಯನ್ನೇ ಒಮ್ಮೆ ಕೆದಕಿ, ನೀರು ಹಾಕಿ ನೋಡಿ. ಊರಿದ ಬೀಜಗಳಲ್ಲಿ ಕೆಲವಾದರೂ ಕೊಳೆಯದೆ ಉಳಿದಿದ್ದರೆ ಬೆಳಕು ಕಂಡು ಮೊಳೆತಾವು.

– ಸಂಪಾದಕ