ಎಣ್ಣೆ ವೇಸ್ಟ್ ತೊಳೆದ ನೀರು ಬಾವಿಗೆ ಬಂದರೆ ಯಾರಿಗೆ ಹೇಳಬೇಕು?

ಪ್ರಶ್ನೆ: ನಮ್ಮ ಮನೆ ಬೈತ್‌ಕೋಲ್ ಬಂದರಿನ ಹತ್ತಿರ. ಪಕ್ಕದ ಶೆಡ್ಡಿನವರು ಹಳೇ ಬಟ್ಟೆ ತಂದು, ತೊಳೆದು, ತುಂಡು ಮಾಡಿ, ಎಣ್ಣೆ ಒರೆಸುವ ಚಿಂದಿಯಾಗಿ (ಇದಕ್ಕೇ 'ವೇಸ್ಟ್' ಅನ್ನೋದು) ಗ್ಯಾರೇಜಿಗೂ ಬೋಟಿನವರಿಗೂ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಈಗೀಗ ಎಣ್ಣೆ ಹಿಡಿದ ವೇಸ್ಟನ್ನೂ ವಾಪಸ್ ತಂದು ತೊಳೆಯುತ್ತಿದ್ದಾರೆ. ಆ ನೀರು ನಮ್ಮ ಬಾವಿ ಕಡೆ ಹರಿಯುತ್ತದೆ. ಕೇಳಿದರೆ "ಲೈಸೆನ್ಸ್ ಇದೆ" ಅಂತಾರೆ. ಏನು ಮಾಡೋದು?
– ಓದುಗರೊಬ್ಬರು, ಕಾರವಾರ

ಉತ್ತರ: ಲೈಸೆನ್ಸ್ ಇರಬಹುದು, ಆದರೆ ಯಾವುದಕ್ಕೆ? ಮೊದಲು ಅದನ್ನು ಕೇಳಿ. ಹಳೇ ಬಟ್ಟೆ ವ್ಯಾಪಾರಕ್ಕೆ ಅಂತ ನಗರಸಭೆಯಿಂದ ಪರವಾನಗಿ ತಗೊಂಡು ಎಣ್ಣೆ ವೇಸ್ಟ್ ತೊಳೆಯುತ್ತಾ ಕೂತರೆ ಆ ಕಾಗದ ಅದಕ್ಕೆ ಸಾಲುವುದಿಲ್ಲ.

ಬರೀ ಹಳೇ ಬಟ್ಟೆಯಾದರೆ ಭಯ ಕಜ್ಜಿಯದ್ದು. ಕಜ್ಜಿ ಹುಳ ಮೈಯಿಂದ ಹೊರಗೆ ಎರಡು ಮೂರು ದಿನ ಬದುಕುತ್ತದೆ, 60 ಡಿಗ್ರಿ ಬಿಸಿನೀರಲ್ಲಿ ತೊಳೆದರೆ ಸಾಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಂತೂ ತೊಟ್ಟು ಬಿಟ್ಟ ಬಟ್ಟೆಯನ್ನು ಒರೆಸುವ ಚಿಂದಿಯಾಗಿ ಮಾರುವ ಮೊದಲು ಸೋಂಕು ಕಳೆಯಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಈ ಶುಚಿತ್ವ ನೋಡುವವರು ನಗರಸಭೆಯ ಆರೋಗ್ಯ ನಿರೀಕ್ಷಕರು.

ನಿಮ್ಮ ನಿಜವಾದ ತಲೆನೋವು ಎಣ್ಣೆ. ಎಣ್ಣೆ, ಕೆಮಿಕಲ್ ಹಿಡಿದ ಹತ್ತಿ ಚಿಂದಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅದನ್ನು ತಂದು, ತೊಳೆದು ಮತ್ತೆ ಮಾರುವುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ತೊಳೆದ ನೀರನ್ನು ಹೊರಗೆ ಬಿಡುವುದಕ್ಕೂ 1974ರ ಜಲ ಕಾಯ್ದೆ ಪ್ರಕಾರ ಅದೇ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿಯ ಕಚೇರಿ ಕಾರವಾರದಲ್ಲೇ ಇದೆ, ದೂರ ಹೋಗಬೇಕಿಲ್ಲ.

ಒಂದೇ ದೂರನ್ನು ಎರಡು ಕಡೆ ಕೊಡಿ, ನಗರಸಭೆಗೊಂದು, ಮಂಡಳಿಗೊಂದು. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. "ತೊಂದರೆ ಆಗುತ್ತಿದೆ" ಅಂತ ಸುಮ್ನೆ ಬರೆದರೆ ಫೈಲಲ್ಲೇ ಮಲಗುತ್ತದೆ. ಎಣ್ಣೆ ಮೂಟೆ ಇಳಿಸುವ ದಿನ, ಚರಂಡಿಯಲ್ಲಿ ಬಣ್ಣಬಣ್ಣದ ಪದರ ಕಟ್ಟಿದ ಫೋಟೋ, ಶೆಡ್ಡಿನಿಂದ ಬಾವಿಗೆ ಎಷ್ಟು ಅಡಿ, ಇವನ್ನೆಲ್ಲ ಹಾಕಿ. ಎರಡೂ ಕಡೆ ಅಲ್ಲಾಡದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಸಾರ್ವಜನಿಕ ಉಪದ್ರವ ತೆಗೆಸುವ ಅಧಿಕಾರ ಅವರಿಗಿದೆ, ಹಳೇ ಸಿಆರ್‌ಪಿಸಿ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ನೋಡಿ.

ಮಳೆಗಾಲಕ್ಕೆ ಮುಂಚೆಯೇ ಇದನ್ನು ಮಾಡಿದರೆ ಒಳ್ಳೇದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟು ಕಡಲಿಗಿಳಿಯುವುದಿಲ್ಲ, ಇಂಜಿನ್ ಬಿಚ್ಚುವುದೂ ಬಣ್ಣ ಬಳಿಯುವುದೂ ಆಗಲೇ, ವೇಸ್ಟ್ ಬೇಕಾಗುವುದೂ ಆಗಲೇ ಜಾಸ್ತಿ. ಮೇಲಿಂದ ಮಳೆ. ಚಿರೇಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಅಂದಹಾಗೆ, ಮೀನೆಣ್ಣೆ ಅಥವಾ ಪೇಂಟಿನ ಲಿನ್ಸೀಡ್ ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತಬಹುದು. ಶೆಡ್ಡಿನವರಿಗೂ ಇದನ್ನು ಹೇಳಿ, ಅವರ ಸೊತ್ತೂ ಅಲ್ಲೇ ಇದೆ ಅಲ್ವಾ.

ಅಲ್ಲಿಯವರೆಗೆ ಆ ಬಾವಿ ನೀರು ಕುಡಿಯಬೇಡಿ. ಕುದಿಸಿದರೆ ಎಣ್ಣೆ ಹೋಗುವುದಿಲ್ಲ. ಪರೀಕ್ಷೆಗೆ ಕೊಡುವಾಗ ಎಣ್ಣೆ, ಗ್ರೀಸ್ ನೋಡಿ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಬರೀ ಬ್ಯಾಕ್ಟೀರಿಯಾ ನೋಡಿ ಚೆನ್ನಾಗಿದೆ ಅಂತ ರಿಪೋರ್ಟ್ ಕೊಟ್ಟುಬಿಡಬಹುದು.